ಮೇಲ್ ಫೈಲ್ ಡಿ ಡ್ರೈವಿಗೆ: ಪಿಎಸ್‌ಟಿ, ಓಎಸ್‌ಟಿ, ಥಂಡರ್‌ಬರ್ಡ್‌ಗೆ ಒಂದೊಂದು ದಾರಿ

ಮೈಸೂರು, ಮಂಡ್ಯ ಕಡೆಯ ಎಷ್ಟೋ ಆಡಿಟರ್, ವಕೀಲರ ಆಫೀಸುಗಳಲ್ಲಿ ಹಳೆ ಕಂಪ್ಯೂಟರ್‌ಗೆ ಸಣ್ಣದೊಂದು ಎಸ್‌ಎಸ್‌ಡಿ ಹಾಕಿಸಿ, ಇದ್ದ ಹಾರ್ಡ್ ಡಿಸ್ಕನ್ನು ಡಿ ಡ್ರೈವ್ ಮಾಡಿಕೊಂಡಿರುತ್ತಾರೆ. ಬಿಲ್ಲು, ಸ್ಕ್ಯಾನ್ ಪ್ರತಿಗಳ ಮೇಲ್ ಮಾತ್ರ ಸಿ ಡ್ರೈವಲ್ಲೇ ಬಿದ್ದು ಜಾಗ ತಿನ್ನುತ್ತದೆ. ದಾರಿಗಳನ್ನೆಲ್ಲ ಬಳಸಿ ನೋಡಿದ ಮೇಲೆ ಹೇಳುವುದಾದರೆ, ಫೈಲ್ ಯಾವ ಬಗೆಯದು ಎಂದು ನೋಡದೆ ಕೈಹಾಕಬಾರದು. ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶ ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ ಫೈಲ್ ಮೆನು, ಅಕೌಂಟ್ ಸೆಟ್ಟಿಂಗ್ಸ್, ಡೇಟಾ ಫೈಲ್ಸ್‌ಗೆ ಹೋದರೆ ಅದು ಪಿಎಸ್‌ಟಿಯೋ (ಮೇಲನ್ನು ಕಂಪ್ಯೂಟರಲ್ಲೇ ಇಡುವ ಫೈಲ್), ಓಎಸ್‌ಟಿಯೋ (ಸರ್ವರ್‌ನಲ್ಲಿರುವ ಮೇಲಿನ ನಕಲು) ಗೊತ್ತಾಗುತ್ತದೆ.

ಪಿಎಸ್‌ಟಿ ಸುಲಭ. ಔಟ್‌ಲುಕ್ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲೂ ಇಲ್ಲವೆಂದು ನೋಡಿಕೊಂಡು ಡಿಗೆ ಕಾಪಿ ಮಾಡಿ. ಕಟ್ ಬೇಡ, ನಡುವೆ ಕರೆಂಟ್ ಹೋದರೆ ಕಷ್ಟ. ಆಮೇಲೆ ಸಿಯಲ್ಲಿರುವ ಫೈಲಿನ ಹೆಸರು ಬದಲಿಸಿ. ಈ ಹೆಜ್ಜೆ ಬಿಟ್ಟವರ ಔಟ್‌ಲುಕ್ ಸದ್ದಿಲ್ಲದೆ ಹಳೆ ಫೈಲಿಗೇ ಬರೆಯುತ್ತಿರುತ್ತದೆ. ಹೆಸರು ಬದಲಿಸಿದ್ದರೆ ಫೈಲ್ ಸಿಗಲಿಲ್ಲ ಎಂದು ಅದೇ ಕೇಳುತ್ತದೆ, ಹೊಸ ಜಾಗ ತೋರಿಸಿ.

ಓಎಸ್‌ಟಿಗೆ ಈ ಉಪಾಯ ನಡೆಯದು. ಅದು ಸರ್ವರ್‌ನ ನಕಲು, ಔಟ್‌ಲುಕ್‌ನ ಪ್ರೊಫೈಲ್‌ಗೆ, ಅಂದರೆ ಖಾತೆಗಳ ಸೆಟ್ಟಿಂಗ್ ಇರುವ ಕಡೆಗೆ ಕಟ್ಟಿಹಾಕಿದ್ದು. ಹೊಸ ಜಾಗ ತೋರಿಸಿ ಮುಂದುವರಿಯಲು ಬಿಡುವುದಿಲ್ಲ. ಇಲ್ಲಿ ಎರಡು ದಾರಿ ಪೈಪೋಟಿಗಿವೆ. ಒಂದು, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟಿರುವ ರಿಜಿಸ್ಟ್ರಿಯಲ್ಲಿ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ಔಟ್‌ಲುಕ್ ಕೀಲಿಯಡಿ ಫೋರ್ಸ್‌ಓಎಸ್‌ಟಿಪಾತ್ ಎಂಬ ಎಕ್ಸ್‌ಪ್ಯಾಂಡಬಲ್ ಸ್ಟ್ರಿಂಗ್ ಮಾಡಿ, ಡಿಯ ಫೋಲ್ಡರ್ ಕೊಡುವುದು. ಈಗಿರುವ ಖಾತೆಗೆ ಅದು ತಾಕುವುದಿಲ್ಲ. ಖಾತೆ ತೆಗೆದು ಮತ್ತೆ ಸೇರಿಸಬೇಕು, ಮೇಲ್ ಪೂರ್ತಿ ಮತ್ತೆ ಇಳಿಯುತ್ತದೆ. ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಉಳಿಯುವ ಬಗೆಯ) ಖಾತೆಯಲ್ಲಿ 'ಈ ಕಂಪ್ಯೂಟರ್ ಮಾತ್ರ' ಎಂದು ಕಾಣುವ ಕ್ಯಾಲೆಂಡರ್, ಕಾಂಟ್ಯಾಕ್ಟ್‌ಗಳು ಓಎಸ್‌ಟಿಯಲ್ಲೇ ಇರುತ್ತವೆ. ಖಾತೆ ತೆಗೆದರೆ ಅವೂ ಹೋದಂತೆ, ಮೊದಲು ಪಿಎಸ್‌ಟಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಇನ್ನೊಂದು, ಜಂಕ್ಷನ್, ಅಂದರೆ ಹಳೆ ಫೋಲ್ಡರ್ ವಿಳಾಸವನ್ನು ಹೊಸ ಜಾಗಕ್ಕೆ ತಿರುಗಿಸುವ ಕೊಂಡಿ. ಆಪ್‌ಡೇಟಾದ ಲೋಕಲ್, ಮೈಕ್ರೋಸಾಫ್ಟ್‌ನೊಳಗಿನ ಔಟ್‌ಲುಕ್ ಫೋಲ್ಡರನ್ನು ಡಿಗೆ ಕಾಪಿ ಮಾಡಿ, ಹಳೆಯದರ ಹೆಸರು ಬದಲಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಂಕೆಲಿಂಕ್, ಸ್ಲ್ಯಾಶ್ ಜೆ, ಹಳೆ ವಿಳಾಸ, ಹೊಸ ವಿಳಾಸ ಈ ಕ್ರಮದಲ್ಲಿ ಕೊಡುವುದು. ಏನೂ ಮತ್ತೆ ಇಳಿಯುವುದಿಲ್ಲ, ನಿಧಾನ ನೆಟ್ ಇರುವ ಕಡೆ ಇದೇ ಗೆಲ್ಲುತ್ತದೆ. ಆದರೆ ಜಂಕ್ಷನ್ ಇದೇ ಯಂತ್ರದ ಡ್ರೈವ್‌ಗಷ್ಟೇ, ನೆಟ್‌ವರ್ಕ್ ಫೋಲ್ಡರ್‌ಗೆ ಆಗದು. ನಾಳೆ ರಿಪೇರಿಗೆ ಬರುವವನಿಗೆ ಈ ಕೊಂಡಿ ಕಾಣದಿರಬಹುದು, ಸಿಪಿಯು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ. ಎಕ್ಸ್‌ಚೇಂಜ್ ಅಥವಾ ಮೈಕ್ರೋಸಾಫ್ಟ್ 365 ಖಾತೆಯಾದರೆ ಎರಡೂ ಬೇಡವಾದೀತು: ಎಷ್ಟು ತಿಂಗಳ ಮೇಲ್ ಕಂಪ್ಯೂಟರಲ್ಲಿ ಇರಬೇಕೆಂದು ಹೇಳುವ ಆಫ್‌ಲೈನ್ ಸ್ಲೈಡರನ್ನು ಮೂರು ತಿಂಗಳಿಗೆ ಇಳಿಸಿ, ಡೇಟಾ ಫೈಲ್ ಸೆಟ್ಟಿಂಗ್ಸ್‌ನಲ್ಲಿ ಫೈಲ್ ಕುಗ್ಗಿಸುವ ಕಾಂಪ್ಯಾಕ್ಟ್ ಒತ್ತಿ. ಸ್ಲೈಡರ್ ಮಾತ್ರ ಇಳಿಸಿದರೆ ಫೈಲ್ ತಕ್ಷಣ ಕುಗ್ಗುವುದಿಲ್ಲ.

ಇನ್ನೊಂದು ಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲಿ ಸರ್ವರ್ ಸೆಟ್ಟಿಂಗ್ಸ್‌ನ ಲೋಕಲ್ ಡೈರೆಕ್ಟರಿ ಬದಲಿಸುವುದಕ್ಕಿಂತ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಇಡೀ ಪ್ರೊಫೈಲ್ ಫೋಲ್ಡರ್ ಸಾಗಿಸುವುದು ಮೇಲು. ಮೊದಲನೆಯದರಲ್ಲಿ ವಿಳಾಸ ಪುಸ್ತಕ, ಪಾಸ್‌ವರ್ಡ್ ಸಿಯಲ್ಲೇ ಉಳಿಯುತ್ತವೆ. ಫೋಲ್ಡರ್‌ಗಳನ್ನು ಮೊದಲು ಕಾಂಪ್ಯಾಕ್ಟ್ ಮಾಡಿ, ಅಳಿಸಿದ ಮೇಲ್ ಅಲ್ಲಿಯವರೆಗೆ ಫೈಲಿನೊಳಗೇ ಇರುತ್ತದೆ. ಥಂಡರ್‌ಬರ್ಡ್ ಮುಚ್ಚಿ ಪ್ರೊಫೈಲ್ ಫೋಲ್ಡರ್ ಡಿಗೆ ಕಾಪಿ ಮಾಡಿ, ಥಂಡರ್‌ಬರ್ಡ್ ತೆರೆಯುವ ಕಮಾಂಡ್‌ಗೆ ಹೈಫನ್ ಪಿ ಸೇರಿಸಿ ತೆರೆದು, ಹೊಸ ಪ್ರೊಫೈಲ್ ಮಾಡುವಾಗ ಆ ಫೋಲ್ಡರ್ ಆರಿಸಿ. ನಂತರ ಪ್ರತಿ ಖಾತೆಯ ಲೋಕಲ್ ಡೈರೆಕ್ಟರಿ ಡಿ ತೋರಿಸುತ್ತಿದೆಯೇ ನೋಡಿ. ಸಿಯ ಹಳೆ ಪೂರ್ಣ ವಿಳಾಸ ಉಳಿದಿದ್ದರೆ ಅದು ಸಿಗೇ ಬರೆಯುತ್ತದೆ.

ಡಿ ಡ್ರೈವಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ, ಫ್ಯಾಟ್32 ಫಾರ್ಮ್ಯಾಟಿನಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. ಪಿಎಸ್‌ಟಿಯನ್ನು ಒನ್‌ಡ್ರೈವ್ ಅಥವಾ ನೆಟ್‌ವರ್ಕ್ ಹಂಚಿಕೆಯಲ್ಲಿ ಇಡಬೇಡಿ, ಕೆಡುವ ಸಂಭವ ಹೆಚ್ಚು. ಹೊಸ ಜಾಗದಲ್ಲಿ ಮೇಲ್ ಬರುವುದು, ಹೋಗುವುದು, ಹುಡುಕಾಟ ಸರಿಯಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಸಿಯ ಹಳೆಯದನ್ನು ಅಳಿಸಿ.