ಒಂದೇ ಟ್ಯೂಬು, ಎರಡು ಮೌಂಟು

ಆಕಾಶದ ಫೋಟೋ ತೆಗೆಯಲು ನನ್ನದು 10 ಇಂಚಿನ ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪು), ಫೋಕಲ್ ಲೆಂತ್ 1000 ಮಿ.ಮೀ. ರಿಂಗು, ಕ್ಯಾಮೆರಾ, ನಕ್ಷತ್ರದ ಮೇಲೆ ಕಣ್ಣಿಡುವ ಪುಟ್ಟ ಗೈಡ್ ಸ್ಕೋಪ್ ಎಲ್ಲ ಹಾಕಿ ತೂಗಿದರೆ 16 ಕೆ.ಜಿ. ಮೊದಲು ಇದನ್ನು ವರ್ಮ್ (ತಿರುಪಿನಂಥ) ಗೇರಿನ ಜರ್ಮನ್ ಇಕ್ವಟೋರಿಯಲ್ ಮೌಂಟಿನ, ಅಂದರೆ ಆಕಾಶದ ಜೊತೆ ತಿರುಗುವ ಸ್ಟ್ಯಾಂಡಿನ, ಮೇಲೆ ಕೂರಿಸುತ್ತಿದ್ದೆ. ಆಮೇಲೆ ಸೊಂಟ ನೋವು ಶುರುವಾಯಿತು. ಈಗ ಎಲ್ಲರೂ ಹೊಗಳುವ ಸ್ಟ್ರೈನ್ ವೇವ್ (ಬಾಗುವ ಹಲ್ಲಿನ ಚಕ್ರದ ಗೇರು) ಮೌಂಟಿನ ಮೇಲೂ ಇಟ್ಟು ನೋಡಿದೆ.

ಹೊರುವ ವಿಷಯದಲ್ಲಿ ಹೋಲಿಕೆಯೇ ಬೇಡ. ವರ್ಮ್ ಮೌಂಟಿನ ತಲೆಯೊಂದೇ 17 ಕೆ.ಜಿ., ಮೇಲೆ 5 ಕೆ.ಜಿ.ಯ ಮೂರು ಕೌಂಟರ್‌ವೇಟ್ (ಟ್ಯೂಬಿಗೆ ಎದುರು ತೂಕ). ಸ್ಟ್ರೈನ್ ವೇವ್ ತಲೆ 5 ಕೆ.ಜಿ., ಒಂದು ಕೈಯಲ್ಲಿ ಎತ್ತಬಹುದು.

ಬ್ಯಾಲೆನ್ಸ್ ಮಾಡುವುದಕ್ಕೆ ಬಂದಾಗ ಕಥೆ ತಿರುಗುತ್ತದೆ. ವರ್ಮ್ ಮೌಂಟಿಗೆ ಕ್ಲಚ್ ಇದೆ. ಅದನ್ನು ಸಡಿಲಿಸಿದರೆ ಇಡೀ ಮೌಂಟು ತಕ್ಕಡಿಯಾಗುತ್ತದೆ. ಕೌಂಟರ್‌ವೇಟ್ ಕಂಬಿಯನ್ನು ನೆಲಕ್ಕೆ ಸಮಾನಾಂತರವಾಗಿ ತಂದು ತೂಕಗಳನ್ನು ಹಿಂದೆ ಮುಂದೆ ಸರಿಸಿದರೆ ಆರ್‌ಎ (ಪೂರ್ವ-ಪಶ್ಚಿಮ ತಿರುಗುವ ಅಕ್ಷ) ಮುಗಿಯಿತು. ಟ್ಯೂಬನ್ನು ಮಲಗಿಸಿ ಡವ್‌ಟೇಲ್ (ಟ್ಯೂಬನ್ನು ಮೌಂಟಿಗೆ ಕೂರಿಸುವ ಪಟ್ಟಿ) ಸರಿಸಿದರೆ ಡೆಕ್ (ಉತ್ತರ-ದಕ್ಷಿಣ ತಿರುಗುವ ಅಕ್ಷ) ಮುಗಿಯಿತು. ಹಾಗಂತ ನಾನು ತುಂಬ ದಿನ ನಂಬಿದ್ದೆ! ಮಲಗಿದ್ದಾಗ ಜಪ್ಪಯ್ಯ ಅಂದರೂ ಅಲ್ಲಾಡದ ಟ್ಯೂಬು, ನೆತ್ತಿಯ ಕಡೆ ತಿರುಗಿಸಿದ ಕೂಡಲೇ ಒಂದು ಪಕ್ಕಕ್ಕೆ ವಾಲುತ್ತಿತ್ತು. ನ್ಯೂಟೋನಿಯನ್‌ನಲ್ಲಿ ಫೋಕಸರ್ ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಅದರ ತುದಿಯಲ್ಲಿ ಕ್ಯಾಮೆರಾ. ತೂಕ ಟ್ಯೂಬಿನ ನಡುವೆ ಇರುವುದೇ ಇಲ್ಲ. ರಿಂಗ್ ಸಡಿಲಿಸಿ, ಕ್ಯಾಮೆರಾ ಡವ್‌ಟೇಲ್ ಇರುವ ಕಡೆಗೇ ಬರುವಂತೆ ಟ್ಯೂಬನ್ನು ತಿರುಗಿಸಿದೆ. ಡೆಕ್ ತಣ್ಣಗಾಯಿತು. ಕ್ಯಾಮೆರಾ ಮುಟ್ಟಲು ಬಗ್ಗಬೇಕು, ಅದೊಂದು ಕಿರಿಕಿರಿ.

ವರ್ಮ್ ಮೌಂಟನ್ನು ಪೂರ್ತಿ ಸಮ ಮಾಡುವುದೂ ತಪ್ಪೇ. ಹಲ್ಲುಗಳ ನಡುವೆ ಸ್ವಲ್ಪ ಸಂದು ಇರುತ್ತದೆ, ಸಮ ತೂಕವಿದ್ದರೆ ಗೇರು ಆ ಸಂದಿನಲ್ಲಿ ಓಲಾಡುತ್ತದೆ. ಹಾಗಾಗಿ ಪೂರ್ವದ ಕಡೆ ಚೂರು ಭಾರ ಬಿಡುತ್ತೇನೆ. ಆಗ ವರ್ಮ್ ಯಾವಾಗಲೂ ಭಾರವನ್ನು ತಳ್ಳುತ್ತಲೇ ಇರುತ್ತದೆ. ನಕ್ಷತ್ರ ನಡು ಆಕಾಶದ ಗೆರೆ ದಾಟಿದಾಗ ಮೌಂಟು ಟ್ಯೂಬನ್ನು ಆಚೆ ಬದಿಗೆ ಹೊರಳಿಸುತ್ತದೆ, ಅದೇ ಮೆರಿಡಿಯನ್ ಫ್ಲಿಪ್. ಅದು ಆದ ಮೇಲೆ ಟ್ಯೂಬು ಪೂರ್ವಕ್ಕೆ ಬಂದಿರುತ್ತದೆ. ಆಗ ಎದ್ದು ಹೋಗಿ ತೂಕವನ್ನು ಒಂದೆರಡು ಸೆಂ.ಮೀ. ಒಳಕ್ಕೆ ಸರಿಸಬೇಕು. ಚಳಿಯಲ್ಲಿ ಇದು ಬೇಕಾ ಅನಿಸುತ್ತದೆ, ಆದರೂ ಮಾಡುತ್ತೇನೆ.

ಸ್ಟ್ರೈನ್ ವೇವ್‌ನಲ್ಲಿ ಈ ಗೋಳಿಲ್ಲ. ಹಲ್ಲುಗಳ ನಡುವೆ ಸಂದು ಇಲ್ಲವೆನ್ನುವಷ್ಟು ಕಡಿಮೆ. (1971ರಲ್ಲಿ ಚಂದ್ರನ ಮೇಲೆ ಓಡಿದ ಅಪೊಲೊ ಗಾಡಿಯ ಚಕ್ರಗಳಲ್ಲೂ ಇದೇ ಬಗೆಯ ಗೇರು ಇತ್ತು.) "ಬ್ಯಾಲೆನ್ಸ್ ಬೇಡ" ಎನ್ನುವುದನ್ನು ಮಾತ್ರ ಸುಮ್ನೆ ನಂಬಬೇಡಿ. ನನ್ನ ಮೌಂಟಿನ ಮಿತಿ ಕೌಂಟರ್‌ವೇಟ್ ಇಲ್ಲದೆ 13 ಕೆ.ಜಿ., ಇದ್ದರೆ 20. ಒಂದು ಸಲ, ಏನಾಗುತ್ತದೋ ನೋಡೋಣ ಅಂತ ಮನೆಯೊಳಗೆ ತೂಕ ಹಾಕದೇ ಟ್ಯೂಬು ಇಟ್ಟೆ. ಪಕ್ಕಕ್ಕೆ ತಿರುಗಿದ್ದೇ ತಡ, ಟ್ರೈಪಾಡಿನ ಒಂದು ಕಾಲು ಮೇಲೆದ್ದಿತು. ಪಕ್ಕದಲ್ಲೇ ನಿಂತಿದ್ದೆ, ತಬ್ಬಿ ಹಿಡಿದೆ. ಗೇರಿಗೆ ಶಕ್ತಿ ಇದ್ದರೆ ಸಾಲದು, ಕೆಳಗಿನ ಕಾಲು ಸಹ ತಡೆಯಬೇಕು ಅಲ್ವಾ?

ಇದಕ್ಕೆ ಕ್ಲಚ್ ಇಲ್ಲದ್ದರಿಂದ ಕೈಗೆ ಬ್ಯಾಲೆನ್ಸ್ ಗೊತ್ತಾಗುವುದಿಲ್ಲ. ಟ್ಯೂಬನ್ನು ಒಂದು ಪೈಪಿನ ಮೇಲೆ ಅಡ್ಡ ಇಟ್ಟು ಸಮ ನಿಲ್ಲುವ ಜಾಗ ಹುಡುಕಿದೆ. ಅಲ್ಲಿ ಡವ್‌ಟೇಲಿಗೆ ಟೇಪ್ ಅಂಟಿಸಿದೆ. ಆ ಗುರುತು ಸ್ಯಾಡಲ್ (ಡವ್‌ಟೇಲ್ ಹಿಡಿಯುವ ಜಾಗ) ನಡುವೆ ಬರಬೇಕು. ಆರ್‌ಎಗೆ ಲೆಕ್ಕ ಹಾಕಿದೆ: 16 ಕೆ.ಜಿ. ಟ್ಯೂಬು ಅಕ್ಷದಿಂದ 30 ಸೆಂ.ಮೀ. ದೂರ, ಅಂದರೆ 480. 5 ಕೆ.ಜಿ. ತೂಕವನ್ನು ಅಷ್ಟೇ ದೂರ ಇಟ್ಟರೆ 150. ಉಳಿದದ್ದು ಗೇರಿನ ಪಾಲು. ಎರಡೂ ಮೌಂಟಿನಲ್ಲಿ ಹಾಕುವಾಗ ಮೊದಲು ಕೌಂಟರ್‌ವೇಟ್, ಆಮೇಲೆ ಟ್ಯೂಬು. ಬಿಚ್ಚುವಾಗ ಉಲ್ಟಾ. ಇನ್ನೊಂದು: ಸ್ಟ್ರೈನ್ ವೇವ್ ಗೇರನ್ನು ಭಾರವೇ ಹಿಂದಕ್ಕೆ ತಿರುಗಿಸಬಲ್ಲದು. ಕರೆಂಟ್ ಹೋದರೆ ಹಿಡಿಯುವ ಬ್ರೇಕ್ ಇದೆಯೇ ಅಂತ ಕೊಳ್ಳುವಾಗಲೇ ನೋಡಿ. ವರ್ಮ್ ತಾನಾಗಿಯೇ ಹಿಡಿದುಕೊಳ್ಳುತ್ತದೆ.

ಗೈಡಿಂಗ್, ಅಂದರೆ ಒಂದು ನಕ್ಷತ್ರ ನೋಡಿಕೊಂಡು ಮೌಂಟಿನ ತಪ್ಪು ತಿದ್ದುತ್ತಿರುವುದು, ಎರಡಕ್ಕೂ ಪಿಎಚ್‌ಡಿ2 ಎನ್ನುವ ಸಾಫ್ಟ್‌ವೇರ್. ವರ್ಮ್ ಮೌಂಟಿನ ತಪ್ಪು 479 ಸೆಕೆಂಡಿಗೊಮ್ಮೆ ನಿಧಾನವಾಗಿ ಮರುಕಳಿಸುತ್ತದೆ, 2-3 ಸೆಕೆಂಡಿನ ಗೈಡ್ ಎಕ್ಸ್‌ಪೋಷರ್ ಸಾಕು. ಸ್ಟ್ರೈನ್ ವೇವ್‌ನದು ದೊಡ್ಡ ಅಲೆ, ಏರುವುದೂ ಚುರುಕು. ಅರ್ಧ ಅಥವಾ ಒಂದು ಸೆಕೆಂಡಿಗೊಮ್ಮೆ ತಿದ್ದಬೇಕು. ಗಾಳಿ ಇಲ್ಲದ ರಾತ್ರಿ ನನಗೆ ಸಿಕ್ಕ ಗೈಡಿಂಗ್ ತಪ್ಪು ವರ್ಮ್‌ನಲ್ಲಿ 0.6 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಭಾಗಕ್ಕೆ ಒಂದು ಆರ್ಕ್‌ಸೆಕೆಂಡ್), ಸ್ಟ್ರೈನ್ ವೇವ್‌ನಲ್ಲಿ 0.8. ನನ್ನ ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್, ಅಂದರೆ ಆಕಾಶದಲ್ಲಿ 0.78 ಆರ್ಕ್‌ಸೆಕೆಂಡ್. ಎರಡೂ ನಡೆಯುತ್ತದೆ. ಗಾಳಿ ಬಂದರೆ ಮಾತ್ರ ಮೀಟರುದ್ದದ ಟ್ಯೂಬು ಹಾಯಿಯಾಗುತ್ತದೆ. ಹಗುರ ಮೌಂಟು, ಹಗುರ ಟ್ರೈಪಾಡು, ಮೇಲೆ ಗಾಳಿಯ ಬೆನ್ನು ಹತ್ತುವ ಗೈಡಿಂಗ್. 2 ಆರ್ಕ್‌ಸೆಕೆಂಡ್ ದಾಟಿ ನಕ್ಷತ್ರಗಳು ಮೊಟ್ಟೆಯಂತಾದವು. ಅಂಥದೇ ಗಾಳಿಯಲ್ಲಿ ಭಾರದ ಮೌಂಟು 1ರ ಆಸುಪಾಸಿನಲ್ಲೇ ನಿಂತಿತು.

ಈಗ ಸ್ಟ್ರೈನ್ ವೇವ್ ಮೇಲೆ 80 ಮಿ.ಮೀ. ರಿಫ್ರಾಕ್ಟರ್ (ಮಸೂರದ ಟೆಲಿಸ್ಕೋಪು) ಇದೆ, ಕೌಂಟರ್‌ವೇಟ್ ಇಲ್ಲದೆ. ಎರಡಕ್ಕೂ ಹೇಳಿ ಮಾಡಿಸಿದ ಜೋಡಿ. ದೊಡ್ಡ ಟ್ಯೂಬು ವರ್ಮ್ ಮೌಂಟಿಗೇ ವಾಪಸಾಗಿದೆ. ಸೊಂಟದ ಸಲುವಾಗಿ ತೂಕಗಳನ್ನು ಒಂದೊಂದಾಗಿ ಒಯ್ಯುತ್ತೇನೆ.