ಅಚ್ಚು ತೆಗೆಸಿ ಮಾಡಿಸಿದ ಮೌತ್‌ಗಾರ್ಡ್: ಎರಡು ಸೀಸನ್ ಹಾಕಿಕೊಂಡ ಮೇಲೆ

ನಾನು ಹಾಕಿ ಆಟಗಾರ. ಚೆಂಡು ಎಷ್ಟು ಗಟ್ಟಿ ಅಂತ ಗೊತ್ತಿದ್ದೂ ವರ್ಷಗಟ್ಟಲೆ ಬರಿಬಾಯಲ್ಲೇ ಆಡಿದೆ. ಪೆಟ್ಟು ಬೀಳದಂತೆ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ, ಅಂದರೆ ಮೌತ್‌ಗಾರ್ಡ್ ಬಗ್ಗೆ ಯೋಚನೆ ಬಂದಿದ್ದು ಗೆಳೆಯನೊಬ್ಬನ ಮೇಲಿನ ಮುಂದಿನ ಹಲ್ಲು ಬುಡಸಮೇತ ಕಿತ್ತುಬಂದ ದಿನ. ಆಗ ನಮಗೆ ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ಯಾರೋ ಹಲ್ಲನ್ನು ಚೆನ್ನಾಗಿ ಉಜ್ಜಿ ತೊಳೆದು ಕಾಗದದಲ್ಲಿ ಸುತ್ತಿಟ್ಟರು. ಅದೇ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಮೊದಲು ತಗೊಂಡಿದ್ದು ಬಿಸಿನೀರಲ್ಲಿ ಅದ್ದಿ ಕಚ್ಚುವ ರೆಡಿಮೇಡ್ ಗಾರ್ಡ್. ಮೆತ್ತಗಾದ ತಕ್ಷಣ ಬಾಯಿಗಿಟ್ಟು ಕಚ್ಚಿದೆ, ಸ್ವಲ್ಪ ಜಾಸ್ತಿಯೇ ಕಚ್ಚಿಬಿಟ್ಟೆ ಅನ್ನಿ, ದವಡೆಹಲ್ಲು ಕೂರುವ ಜಾಗ ಕಾಗದದಷ್ಟು ತೆಳ್ಳಗಾಯಿತು. ಹಿಂದಿನ ತುದಿ ಅಂಗುಳಕ್ಕೆ ತಾಗಿ ವಾಕರಿಕೆ. ಬಾಯಿ ತೆರೆದರೆ ಜಾರಿ ಬೀಳುತ್ತಿತ್ತು. ಅದಕ್ಕೆ ಆಟದುದ್ದಕ್ಕೂ ಹಲ್ಲು ಕಚ್ಚಿ ಹಿಡಿಯಬೇಕು, ಸಂಜೆಗೆ ದವಡೆ ನೋವು. ಕೊನೆಗೆ ಅದು ಬಾಯಿಗಿಂತ ಕಾಲುಚೀಲದೊಳಗೇ ಜಾಸ್ತಿ ಇರುತ್ತಿತ್ತು. ಸರಿಯಾಗಿ ಕೂತರೆ ಇದೂ ಪರವಾಗಿಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ. ನನಗೆ ಕೂರಲಿಲ್ಲ, ಅಷ್ಟೇ.

ಆಮೇಲೆ ದಂತವೈದ್ಯರ ಹತ್ತಿರ ಹೋಗಿ ಅಳತೆಗೆ ಮಾಡಿಸಿದೆ. ಮೆತ್ತನೆಯ ಹಿಟ್ಟಿನಂಥದ್ದನ್ನು ತಟ್ಟೆಯಲ್ಲಿ ತುಂಬಿ ಹಲ್ಲಿನ ಅಚ್ಚು ತೆಗೆಯುತ್ತಾರೆ, ಅದರಿಂದ ಪ್ಲಾಸ್ಟರಿನ ಮಾದರಿ, ಅದರ ಮೇಲೆ ಇವಿಎ ಅನ್ನುವ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಒತ್ತಿ ಕೂರಿಸುತ್ತಾರೆ. ಮುಂದಿನ ಹಲ್ಲುಗಳ ಮೇಲೆ ಸುಮಾರು 3 ಮಿ.ಮೀ. ದಪ್ಪ. ಮೇಲಿನ ಸಾಲಿಗೆ ಮಾತ್ರ. ಹಾಕಿಕೊಂಡರೆ ಟಕ್ ಅಂತ ಕೂರುತ್ತದೆ, ಅಲ್ಲಾಡುವುದಿಲ್ಲ. ಉಸಿರಾಟಕ್ಕೆ ತೊಂದರೆ ಇಲ್ಲ, ಮೈದಾನದಲ್ಲಿ ಕೂಗಿ ಕರೆಯಬಹುದು. ಮೊದಲ ಸೀಸನ್‌ನಲ್ಲೇ ಎದುರಾಳಿಯ ಸ್ಟಿಕ್ ಮೇಲೆದ್ದು ಬಾಯಿಗೆ ಬಡಿಯಿತು. ತುಟಿ ಬದನೆಕಾಯಿ ಥರ ಊದಿತು, ಹಲ್ಲು ಒಂದೂ ಅಲುಗಲಿಲ್ಲ. ಇನ್ನೇನು ಬೇಕು ಹೇಳಿ? ಆದರೆ ಇದು ಮಿದುಳಿಗೆ ಪೆಟ್ಟಾಗುವುದನ್ನೂ ತಡೆಯುತ್ತದೆ ಅಂತ ಯಾರಾದರೂ ಮಾರಲು ಬಂದರೆ ಪೂರ್ತಿ ನಂಬಬೇಡಿ, ಅದು ಗಟ್ಟಿಯಾಗಿ ಸಾಬೀತಾಗಿಲ್ಲ. ಹಲ್ಲಿಗೆ ತಂತಿ ಹಾಕಿಸಿಕೊಂಡವರು ಮತ್ತು ಬೆಳೆಯುವ ಮಕ್ಕಳು ಡಾಕ್ಟರಿಗೆ ಮೊದಲೇ ಹೇಳಿ, ಅವರ ಲೆಕ್ಕ ಬೇರೆ.

ನನಗೆ ನಿಜವಾದ ಶಾಕ್ ಸಿಕ್ಕಿದ್ದು ಅಚ್ಚು ತೆಗೆಯುವ ಮೊದಲೇ. ಬಾಯಿ ನೋಡಿದ ಡಾಕ್ಟರು ಎರಡು ಹುಳುಕು ತೋರಿಸಿ, ಇದು ಚೆಂಡಿನ ಕೆಲಸ ಅಲ್ಲ, ನಿಮ್ಮ ಬಾಟಲಿಯ ಕೆಲಸ ಅಂದರು. ಸ್ಪೋರ್ಟ್ಸ್ ಡ್ರಿಂಕ್! ಹಲ್ಲಿನ ಎನಾಮಲ್ (ಹೊರಗಿನ ಗಟ್ಟಿ ಪದರ) ಸುಮಾರು 5.5 ಪಿಎಚ್‌ಗಿಂತ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಕೆಳಗೆ ಕರಗಲು ಶುರುವಾಗುತ್ತದಂತೆ, ಈ ಪಾನೀಯಗಳು ಹೆಚ್ಚಿನವು 3ರಿಂದ 4ರ ಆಸುಪಾಸು, ಮೇಲೆ ಸಕ್ಕರೆ ಬೇರೆ. ಓಡುವಾಗ ಬಾಯಲ್ಲೇ ಉಸಿರಾಡುತ್ತೇವೆ, ಜೊಲ್ಲು ಒಣಗುತ್ತದೆ, ಹಲ್ಲನ್ನು ಕಾಯಬೇಕಾದ ಜೊಲ್ಲೇ ಇಲ್ಲದ ಹೊತ್ತಲ್ಲಿ ನಾನು ಗುಟುಕು ಗುಟುಕಾಗಿ ಹುಳಿ ಸುರಿಯುತ್ತಿದ್ದೆ. ಇದು ನನ್ನೊಬ್ಬನ ಕಥೆ ಅಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 302 ಕ್ರೀಡಾಪಟುಗಳ ಬಾಯಿ ಪರೀಕ್ಷೆ ಮಾಡಿದಾಗ 55% ಮಂದಿಗೆ ಹುಳುಕು, 45% ಮಂದಿಗೆ ಹಲ್ಲು ಸವೆತ ಇತ್ತು. ತಮ್ಮ ತರಬೇತಿಗೆ ಅಥವಾ ಆಟಕ್ಕೆ ಇದರಿಂದ ಪೆಟ್ಟು ಬಿದ್ದಿದೆ ಅಂದವರು 18%. ದೇಹವನ್ನು ಅಷ್ಟು ನೋಡಿಕೊಳ್ಳುವವರ ಬಾಯಿ ಹೀಗೆ!

ಗಾರ್ಡ್ ಹಾಕಿಕೊಂಡೇ ಸಿಹಿ ಪಾನೀಯ ಕುಡಿದರೆ ಅದು ಒಳಗೇ ನಿಂತು ಹಲ್ಲನ್ನು ನೆನೆಸುತ್ತದೆ ಅಂತಲೂ ಡಾಕ್ಟರು ಎಚ್ಚರಿಸಿದರು. ಈಗ ಮಾಮೂಲಿ ಪ್ರಾಕ್ಟೀಸಿಗೆ ಬರೀ ನೀರು. ಉದ್ದದ ಮ್ಯಾಚ್ ಇದ್ದಾಗ ಮಾತ್ರ ಆ ಬಣ್ಣದ ನೀರು, ಅದೂ ಗಾರ್ಡ್ ತೆಗೆದು ಕುಡಿದು, ಮೇಲೆ ನೀರು ಮುಕ್ಕಳಿಸಿ. ಕುಡಿದ ತಕ್ಷಣ ಬ್ರಷ್ ಮಾಡುವುದನ್ನೂ ಬಿಟ್ಟೆ. ಮೆತ್ತಗಾದ ಎನಾಮಲ್ ಮೇಲೆ ಉಜ್ಜಿದರೆ ಇನ್ನೂ ಸವೆಯುತ್ತದೆ, ಅರ್ಧ ಗಂಟೆಯಾದರೂ ಕಾಯಬೇಕು.

ದೂರುಗಳೂ ಇವೆ. ಎರಡು ಸಲ ಓಡಾಡಬೇಕು. ತೊಳೆಯದೆ ಒಂದು ರಾತ್ರಿ ಡಬ್ಬಿಯಲ್ಲಿ ಬಿಟ್ಟರೆ ಬರುವ ವಾಸನೆ, ಬೇಡ ಬಿಡಿ. ಗಾಳಿಯಾಡುವ ಡಬ್ಬಿಯೇ ಬೇಕು. ಇನ್ನೊಂದು ನನ್ನದೇ ದಡ್ಡತನ: ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಬಂದೆ, ಗಾರ್ಡ್ ಸೊಟ್ಟಗಾಯಿತು. ಬಿಸಿನೀರಲ್ಲಿ ತೊಳೆದರೂ ಅದೇ ಗತಿ. ಪುಣ್ಯಕ್ಕೆ ಪ್ಲಾಸ್ಟರ್ ಮಾದರಿ ಎತ್ತಿಟ್ಟಿದ್ದರಿಂದ ಹೊಸ ಅಚ್ಚು ಬೇಕಾಗಲಿಲ್ಲ. ನೀವೂ ಅದನ್ನು ಕೇಳಿ ಇಟ್ಟುಕೊಳ್ಳಿ.

ಹಾಂ, ಗೆಳೆಯನ ಹಲ್ಲಿನ ವಿಷಯ. ಕಿತ್ತುಬಂದ ಹಲ್ಲನ್ನು ಬೇರು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿ ಭಾಗದಲ್ಲಿ ಹಿಡಿಯಬೇಕು. ಕೊಳೆ ಇದ್ದರೆ ಸುಮ್ನೆ ಒಮ್ಮೆ ತೊಳೆದು ಅದೇ ಜಾಗಕ್ಕೆ ಕೂರಿಸಬೇಕು, ಆಗದಿದ್ದರೆ ಹಾಲಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ, ಆದಷ್ಟು ಬೇಗ, ಡಾಕ್ಟರ ಹತ್ತಿರ ಓಡಬೇಕು. ಮಕ್ಕಳ ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು. ಇದು ಅಂದು ಗೊತ್ತಿದ್ದರೆ ಅವನ ಹಲ್ಲು ಉಳಿಯುತ್ತಿತ್ತೋ ಏನೋ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿದಿದ್ದು ವಾಸನೆಗೆ. ಯಾವ ಬಣ್ಣ ಬೇಕು ಅಂತ ಕೇಳಿದರೆ ಹಸಿರು ಮಾತ್ರ ಹೇಳಬೇಡಿ, ಹುಲ್ಲಿನ ಮೇಲೆ ಬಿದ್ದರೆ ಹನ್ನೊಂದು ಜನ ಬಗ್ಗಿ ಹುಡುಕಬೇಕಾಗುತ್ತದೆ.