ದೇವಿಮನೆ ಘಟ್ಟದ ಮಳೆಯಲ್ಲಿ ಐದು ತಾಸು: ರೇನ್‌ಕೋಟಿನ ಅಂಗಿ ಪಾಸು, ಪ್ಯಾಂಟು ಫೇಲು

ಜೂನ್ ಮೊದಲ ವಾರ ಕುಮಟಾದ ಒಂದು ಅಂಗಡಿಯಲ್ಲಿ 2,350 ರೂಪಾಯಿ ಕೊಟ್ಟು ಈ ರೇನ್‌ಕೋಟು ತಗೊಂಡೆ. ಅಂಗಿ, ಪ್ಯಾಂಟು, ಮಡಚಿ ಇಡೋಕೆ ಒಂದು ಚೀಲ. ಕಂಪನಿ ಹೆಸರು ಬೇಡ ಬಿಡಿ, ಇದೇ ನಮೂನೆಯ ಮಾಲು ಹತ್ತು ಹೆಸರಲ್ಲಿ ಬರುತ್ತದೆ. ತಗೊಂಡ ವಾರಕ್ಕೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಕಾದಿದ್ದು ಒಳ್ಳೇದಾಯ್ತು.

ನನ್ನ ಕೆಲಸ ಕುಮಟಾದಲ್ಲಿ, ಮನೆ ಶಿರಸಿ ರಸ್ತೆಯ ದೇವಿಮನೆ ಘಟ್ಟದ ಮೇಲೆ, ರಾಗಿಹೊಸಳ್ಳಿ ಕಡೆ. ಬೈಕಿನಲ್ಲಿ ಒಂದೂಕಾಲು ತಾಸಿನ ದಾರಿ. ಜುಲೈನಲ್ಲಿ ಒಂದು ದಿನ ರೆಡ್ ಅಲರ್ಟ್ ಇತ್ತು. ಹವಾಮಾನ ಇಲಾಖೆ ಲೆಕ್ಕದಲ್ಲಿ ರೆಡ್ ಅಂದರೆ 24 ಗಂಟೆಯಲ್ಲಿ 20 ಸೆಂಟಿಮೀಟರ್‌ಗಿಂತ ಜಾಸ್ತಿ ಮಳೆ. ಶಾಲೆ ಕಾಲೇಜಿಗೆಲ್ಲ ರಜೆ. ಸಂಬಳಕ್ಕೆ ದುಡಿಯುವವರಿಗೆ ಮಾತ್ರ ಯಾವ ಬಣ್ಣದ ಅಲರ್ಟೂ ಇಲ್ಲ. ಸಂಜೆ ಐದೂವರೆಗೆ ಹೊರಟವನು ಮನೆ ಮುಟ್ಟುವಾಗ ರಾತ್ರಿ ಹತ್ತೂವರೆ. ಒಂದು ರೇನ್‌ಕೋಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಡೋಕೆ ಆಗಲ್ಲ.

ಮೊದಲ ಪೇಪರ್ ಕತಗಾಲದಲ್ಲಿ. ಚಂಡಿಕಾ ಹೊಳೆ ರಸ್ತೆ ಮೇಲೇ ಬಂದಿತ್ತು. ಆಚೆ ಬಸ್ಸು, ಈಚೆ ಲಾರಿ ಸಾಲು, ನಡುವೆ ಕೆಂಪು ನೀರು. ಒಂದು ಚಾ ಅಂಗಡಿಯ ಮಾಡಿನ ಕೆಳಗೆ ಎರಡು ತಾಸು ನಿಂತೆ. ಕೆಳಗೆ ಅಂದೆ ಅಷ್ಟೇ, ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಮಾಡು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆದರೆ ಅಂಗಿಯ ಬಟ್ಟೆ ಮೇಲೆ ನೀರು ನಿಲ್ಲಲೇ ಇಲ್ಲ, ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳಿ ಹೋಗುತ್ತಿತ್ತು. ಎದೆ, ಬೆನ್ನು, ಹೆಗಲು ಪೂರ್ತಿ ಒಣಗಿತ್ತು. ಹಳೇ ಪ್ಲಾಸ್ಟಿಕ್ ಕೋಟಿನಲ್ಲಿ ಮಳೆಗೆ ನೆನೆಯದಿದ್ದರೂ ಬೆವರಿಗೆ ನೆನೆಯುತ್ತಿದ್ದೆ. ಇದರಲ್ಲಿ ಬೆನ್ನಿಗೆ ಜಾಳಿಗೆ ಬಟ್ಟೆ ಕೊಟ್ಟಿದ್ದಾರೆ, ಸೆಕೆ ಕಡಿಮೆ. ಅಂಗಿಗೆ ಇಲ್ಲೇ ಅರ್ಧ ಮಾರ್ಕ್ಸ್ ಕೊಟ್ಟೆ.

ಚೀಟಿಯಲ್ಲಿ ‘ವಾಟರ್‌ಪ್ರೂಫ್ 8000 ಎಂಎಂ’ ಅಂತ ಇತ್ತು. ಬಟ್ಟೆ ಮೇಲೆ ಅಷ್ಟೆತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರಲ್ಲ ಅಂತ ಅದರ ಅರ್ಥ. ಎಂಟು ಮೀಟರ್, ಅಂದರೆ ನಮ್ಮ ಬಾವಿಗಿಂತ ಆಳ. ಸುಳ್ಳಲ್ಲ, ಬಟ್ಟೆ ನಿಜಕ್ಕೂ ಸೋರಲಿಲ್ಲ. ಆದರೆ ಆ ಲೆಕ್ಕ ಬರೀ ಬಟ್ಟೆಯದ್ದು, ಹೊಲಿಗೆಯದ್ದಲ್ಲ. ಹೊಲಿಗೆ ಅಂದರೆ ಸೂಜಿ ಹೊಡೆದ ತೂತುಗಳ ಸಾಲು ಅಲ್ವಾ? ಅದನ್ನು ಒಳಗಿನಿಂದ ಪಟ್ಟಿ ಅಂಟಿಸಿ ಮುಚ್ಚುತ್ತಾರೆ. ಪಟ್ಟಿ ಎದ್ದರೆ ಮುಗೀತು.

ಪ್ಯಾಂಟಿನಲ್ಲಿ ಆಗಿದ್ದು ಅದೇ. ಬೈಕಿನ ಮೇಲೆ ಕೂತಾಗ ಎರಡು ಕಾಲಿನ ನಡುವೆ ಬಟ್ಟೆ ತಗ್ಗಾಗುತ್ತದೆ, ಅಂಗಿಯಿಂದ ಇಳಿದ ನೀರೆಲ್ಲ ಅಲ್ಲಿ ಬಂದು ಕೆರೆಯ ಹಾಗೆ ನಿಲ್ಲುತ್ತದೆ. ನಾಲ್ಕು ಹೊಲಿಗೆ ಬಂದು ಸೇರುವ ಜಾಗವೂ ಸರಿಯಾಗಿ ಅದೇ. ಮೇಲಿಂದ ನೀರು, ಕೆಳಗಿಂದ ಸೀಟಿನ ತಿಕ್ಕಾಟ. ಒಂದೂವರೆ ತಿಂಗಳಲ್ಲಿ ಪಟ್ಟಿ ಎದ್ದು ಬಂದಿತ್ತು. ಘಟ್ಟ ಶುರುವಾಗುವ ಮೊದಲೇ ಒಂದು ತಣ್ಣನೆ ಗೆರೆ ತೊಡೆಗುಂಟ ಇಳಿದು ಬೂಟಿನೊಳಗೆ ಹೋಯಿತು. ಆಮೇಲಿನ ಕತೆ ಹೇಳೋದು ಬೇಡ.

ಘಟ್ಟದಲ್ಲಿ ಹೆಡ್‌ಲೈಟಿಗೆ ಎರಡು ಮಾರು ಮಾತ್ರ ಕಾಣುತ್ತಿತ್ತು. ಮಂಜು, ಮಳೆ, ಗುಡ್ಡದಿಂದ ಇಳಿಯುವ ಕೆಸರು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂದು ಬಿದ್ದಿತ್ತಲ್ಲ, ಅಲ್ಲಿಂದ ಗಂಗಾವಳಿ ಹೊಳೆಗೆ ಹೋದ ಲಾರಿ ಸಿಗೋಕೆ ಎರಡು ತಿಂಗಳ ಮೇಲೆ ಹಿಡೀತು. ಅದಾದ ಮೇಲೆ ನಮ್ಮ ಕಡೆಯವರು ಯಾರೂ ಕಡಿದ ಗುಡ್ಡದ ಬುಡದಲ್ಲಿ ಸುಮ್ನೆ ನಿಲ್ಲುವುದಿಲ್ಲ. ಒಂದು ತಿರುವಿನಲ್ಲಿ ಮರ ಬಿದ್ದು, ಜೊತೆಗೆ ಮಣ್ಣೂ ಬಂದು ರಸ್ತೆ ಕಟ್ಟಿತ್ತು. ಜೆಸಿಬಿ ಬರುವ ತನಕ ಎಲ್ಲರೂ ಹಿಂದೆ ಸರಿದು ನಿಂತೆವು. ನಾನು ಬೈಕಿಳಿದು ಟಾರ್ಚ್ ಹಿಡಿದು ಗುಡ್ಡವನ್ನೇ ನೋಡುತ್ತಾ ನಿಂತಿದ್ದೆ, ಕಾಲಿಗೆ ಉಂಬಳ ಹತ್ತಿದ್ದು ಗೊತ್ತಾಗಲಿಲ್ಲ. ಆಗ ಹಿಂದಿನ ಲಾರಿಯ ಡ್ರೈವರ್ ಹೇಳಿದ: "ಸರ, ನಿಮ್ಮ ಬೆನ್ನಿನ ಪಟ್ಟಿ ಹೊಳೀತು ಅಂತ ಬ್ರೇಕ್ ಹಾಕಿದೆ. ಇಲ್ಲಾಂದ್ರೆ ಇಲ್ಲೊಬ್ಬ ಮನುಷ್ಯ ಇದ್ದಾನೆ ಅಂತ ಕಾಣ್ತಾನೇ ಇರ್ಲಿಲ್ಲ." ಅಂಗಿಯ ಬೆನ್ನಿಗೆ ಎರಡು ಬೆರಳು ಅಗಲದ ಬೆಳ್ಳಿ ಬಣ್ಣದ ಪಟ್ಟಿ ಇದೆ. ಅಂಗಡಿಯಲ್ಲಿ ಶೋಕಿಗೆ ಅಂದುಕೊಂಡಿದ್ದೆ. ಈಗ ಯಾರು ಕೇಳಿದರೂ ಮೊದಲು ಅದನ್ನೇ ಹೇಳುತ್ತೇನೆ, ಪಟ್ಟಿ ಇಲ್ಲದ ಕಪ್ಪು ಕೋಟನ್ನು ಪುಕ್ಕಟೆ ಕೊಟ್ಟರೂ ತಗೋಬೇಡಿ.

ಇನ್ನೊಂದೆರಡು ತಕರಾರು. ಹೊರಗಿನ ಜೇಬು ಜೇಬಲ್ಲ, ಕೊಡಪಾನ. ಮೊಬೈಲು ಇಡಬೇಡಿ. ತೋಳಿನ ತುದಿಯ ಅಂಟುಪಟ್ಟಿ ಎಷ್ಟು ಬಿಗಿ ಮಾಡಿದರೂ ಹ್ಯಾಂಡಲ್ ಹಿಡಿದಾಗ ನೀರು ಮೊಣಕೈ ತನಕ ಬರುತ್ತದೆ. ಗ್ಲೌಸನ್ನು ತೋಳಿನ ಒಳಗೆ ಹಾಕಿಕೊಂಡರೆ ಸ್ವಲ್ಪ ವಾಸಿ. ಟೋಪಿಯನ್ನು ಹೆಲ್ಮೆಟ್ಟಿನ ಒಳಗೆ ಹಾಕಿದರೆ ಕಿವಿ ಕೇಳಲ್ಲ, ಹೊರಗೆ ಬಿಟ್ಟರೆ ಅದೇ ಒಂದು ಬಕೆಟ್. ನಾನು ಬಿಚ್ಚಿ ಮನೆಯಲ್ಲೇ ಇಟ್ಟಿದ್ದೇನೆ.

ಪ್ಯಾಂಟು ವಾಪಸ್ ಕೊಡೋಕೆ ಹೋದರೆ ಅಂಗಡಿಯವರು ಹೇಳಿದ್ದು ಕೇಳಿ: "ಕೂತು ತಿಕ್ಕಿ ಹಾಳಾದ್ರೆ ಗ್ಯಾರಂಟಿ ಬರೂದಿಲ್ಲ." ಬೈಕಿನ ರೇನ್‌ಕೋಟು ಸ್ವಾಮಿ ಇದು, ನಿಂತುಕೊಂಡು ಓಡಿಸಬೇಕಾ? ಅಂಗಿ ಮಾತ್ರ ಬೇರೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, ನಾಲ್ಕು ಸ್ಟಾರ್. ಪ್ಯಾಂಟಿಗೆ ಒಂದು, ಅದೂ ಸೊಂಟದ ಇಲಾಸ್ಟಿಕ್ ಚೆನ್ನಾಗಿದೆ ಅಂತ. ನಾನೀಗ ಕೆಳಗೆ 300 ರೂಪಾಯಿಯ ದಪ್ಪ ಪ್ಲಾಸ್ಟಿಕ್ ಪ್ಯಾಂಟು ಹಾಕುತ್ತೇನೆ, ಅದಕ್ಕೆ ನಡುವೆ ಹೊಲಿಗೆಯೇ ಇಲ್ಲ, ಬಿಸಿ ಮಾಡಿ ಅಂಟಿಸಿದ್ದು.

ಆ ರಾತ್ರಿ ಮನೆ ಮುಟ್ಟಿದಾಗ ಆಯಿ ಬಾಗಿಲಲ್ಲೇ ನಿಂತಿದ್ದಳು. "ಈ ಮಳೇಲಿ ಎಂತಕ್ಕೆ ಬಪ್ಪಲೆ ಹೋದ್ಯೋ?" ಅಂತ ಬೈದು, ಕಷಾಯ ಕೊಟ್ಟು, ಕೋಟನ್ನು ಒಯ್ದು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದಳು. ಅಪ್ಪನ ಕಂಬಳಿಕೊಪ್ಪೆ ಮಳೆಗಾಲವಿಡೀ ಒಣಗುತ್ತಿದ್ದ ಜಾಗ ಅದು. ಕಂಬಳಿ ಹೊಗೆಗೆ ಗಟ್ಟಿಯಾಗುತ್ತಿತ್ತು. ಇದು ನೈಲಾನು. ಬೆಳಿಗ್ಗೆ ನೋಡಿದರೆ ಎಡಗೈ ತೋಳಿನ ತುದಿ ಕೆಂಡದಲ್ಲಿ ಸುಟ್ಟ ಹಪ್ಪಳದ ಹಾಗೆ ಮುರುಟಿತ್ತು. ಈಗ ಆ ತೋಳು ಎರಡು ಇಂಚು ಗಿಡ್ಡ, ಅಲ್ಲಿಂದಲೂ ನೀರು ಬರುತ್ತದೆ. ಅದಕ್ಕೆ ಮಾತ್ರ ಸ್ಟಾರ್ ಕಡಿಮೆ ಮಾಡಿಲ್ಲ.